ಹಳೇ ಐ5 ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಲಾ, ಇಲ್ಲಾ ಎಲ್ಲವನ್ನೂ ಬದಲಿಸಲಾ? ಕೈಯಲ್ಲಿರುವ ಹಣ ಕಡಿಮೆ

ಇರುಳಾಟ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದೊಂದೇ ಯೋಚನೆ. ಇನ್ನು ಕೇಳಿಯೇ ಬಿಡೋಣ ಅಂತ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಐ5-4590 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ್ಯಾಮ್, ಜಿಟಿಎಕ್ಸ್ 1050 ಟಿಐ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಮಾನಿಟರ್ 1080ಪಿ, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ). ಚಿಕ್ಕ ಆಟಗಳೆಲ್ಲ ಚೆನ್ನಾಗಿಯೇ ಓಡುತ್ತವೆ. ತೊಂದರೆ ಇರುವುದು ದೊಡ್ಡ ಓಪನ್ ವರ್ಲ್ಡ್ ಆಟಗಳಲ್ಲಿ. ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) 45 ಅಂತ ತೋರಿಸುತ್ತಲೇ ಇರುತ್ತದೆ, ಆದರೆ ಕಾರು ಹತ್ತಿ ಸ್ವಲ್ಪ ಜೋರಾಗಿ ಹೊರಟರೆ ಸಾಕು, ಗಕ್ಕನೆ ನಿಂತು ನಿಂತು ಹೋಗುತ್ತದೆ. ರಸ್ತೆ ಮೊದಲು ಕಾಣಿಸುತ್ತದೆ, ಕಟ್ಟಡಗಳು ಆಮೇಲೆ ಮೂಡುತ್ತವೆ. ಎದುರಿಗೆ ಏನಿದೆ ಅಂತ ಗೊತ್ತಾಗುವ ಮೊದಲೇ ಗುದ್ದಿರುತ್ತೇನೆ.

ನಾನೂ ತಮ್ಮನೂ ಒಂದು ವರ್ಷ ಕೂಡಿಟ್ಟ ಹಣ ಇದೆ. ಎಲ್ಲಾ ಸೇರಿಸಿದರೆ ಒಂದು ಹೊಸ ಆರ್‌ಎಕ್ಸ್ 6600 ಕಾರ್ಡ್ ಬರುತ್ತದೆ, ಅಷ್ಟೇ. ಅದರ ಮೇಲೆ ಏನೂ ಉಳಿಯುವುದಿಲ್ಲ. ಗೆಳೆಯನೊಬ್ಬ "ಕಾರ್ಡ್ ತಗೋ, ಎಲ್ಲಾ ಸರಿಹೋಗುತ್ತದೆ" ಅನ್ನುತ್ತಾನೆ. ತಗೊಂಡ ಮೇಲೂ ಹೀಗೇ ಇದ್ದರೆ ತಮ್ಮನಿಗೆ ಏನು ಹೇಳಲಿ? ದಯವಿಟ್ಟು ಸರಿಯಾದ ದಾರಿ ತೋರಿಸಿ.

ಮಿಣುಕುಹುಳ

ಪವರ್ ಸಪ್ಲೈ ಯಾವುದು ಅಂತ ಹೇಳಲೇ ಇಲ್ಲ ನೀವು. ಮೊದಲು ಅದು ಹೇಳಿ.

ಗಾಳಿಪಟ64

ಕಾರ್ಡ್ ತಗೊಳ್ಳಿ, ಯೋಚನೆ ಬೇಡ. 1050 ಟಿಐ ಬಂದಿದ್ದು 2016ರಲ್ಲಿ. 4 ಜಿಬಿ ಈಗ ಯಾವುದಕ್ಕೂ ಸಾಲುವುದಿಲ್ಲ. ಅದೂ ಅಲ್ಲದೆ ಆ ಪೀಳಿಗೆಯ ಕಾರ್ಡ್‌ಗಳಿಗೆ 2025ರ ಅಕ್ಟೋಬರ್ ನಂತರ ಹೊಸ ಆಟಗಳ ಡ್ರೈವರ್ ಬರುವುದೇ ನಿಂತಿದೆ, ಸುರಕ್ಷತೆಯ ಅಪ್‌ಡೇಟ್ ಮಾತ್ರ. ನಾನು ಐ7-4770 ಜೊತೆ 6600 ಹಾಕಿ ಎರಡು ವರ್ಷ ಆಡಿದ್ದೇನೆ. ರಾತ್ರಿ ಹಗಲಿನಷ್ಟು ವ್ಯತ್ಯಾಸ ಇತ್ತು. ಕಾರ್ಡನ್ನು ಮುಂದೆ ಹೊಸ ಬೋರ್ಡಿಗೂ ಹಾಕಿಕೊಳ್ಳಬಹುದು, ನಷ್ಟ ಏನಿಲ್ಲ.

ಬೋರ್ಡುಬಡಿಗ

@ಗಾಳಿಪಟ64, ನಿಮ್ಮದು ಐ7, ಅದರಲ್ಲಿ 8 ಥ್ರೆಡ್ (ಪ್ರೊಸೆಸರ್ ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳು). ಇವರದು ಐ5, ನಾಲ್ಕು ಕೋರ್, ನಾಲ್ಕೇ ಥ್ರೆಡ್. ಅದೇ ದೊಡ್ಡ ವ್ಯತ್ಯಾಸ.

ಇನ್ನೊಂದು ವಿಷಯ ಯಾರೂ ಹೇಳುತ್ತಿಲ್ಲ. ಇವರ ಬೋರ್ಡ್ ಎಚ್81. ಆ ಕಾಲದ ಬಿ85, ಎಚ್97 ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) 3.0. ಎಚ್81ರಲ್ಲಿ ಮಾತ್ರ 2.0. 6600 ಕಾರ್ಡ್ ನೋಡಲು ಉದ್ದ ಇದ್ದರೂ ಒಳಗೆ ಬಳಸುವುದು ಆ ದಾರಿಯ 8 ಲೇನ್ ಮಾತ್ರ. 4.0 ಸ್ಲಾಟಿನಲ್ಲಿ 8 ಲೇನ್ ಅಂದರೆ ಸೆಕೆಂಡಿಗೆ ಸುಮಾರು 16 ಜಿಬಿ ಹೋಗುತ್ತದೆ. ಎಚ್81ರಲ್ಲಿ ಅದೇ 8 ಲೇನಿಗೆ 4 ಜಿಬಿ. ಕಾರ್ಡಿನ ಮೆಮೊರಿ ತುಂಬದಿದ್ದರೆ ಅಷ್ಟೇನೂ ಗೊತ್ತಾಗುವುದಿಲ್ಲ. ತುಂಬಿದ ಕ್ಷಣ ಮತ್ತೆ ಅದೇ ಗಕ್ಕನೆ ನಿಲ್ಲುವ ಕಥೆ.

ಒಂದು ವರ್ಷ ಕೂಡಿಟ್ಟ ಹಣ ಅಂತ ಹೇಳುತ್ತಿದ್ದಾರೆ. ಅದನ್ನು ಸುಮ್ನೆ "ತಗೋ" ಅಂದುಬಿಡಬೇಡಿ.

ಗಾಳಿಪಟ64

ಸುಮ್ನೆ ಹೇಳಲಿಲ್ಲ, ನಾನು ಬಳಸಿ ಹೇಳಿದ್ದು. ಎಚ್81 ವಿಷಯ ನನಗೆ ಗೊತ್ತಿರಲಿಲ್ಲ, ಅದು ಸರಿ. ಆದರೂ 1050 ಟಿಐ ಇಟ್ಟುಕೊಂಡು ಬೋರ್ಡು, ಪ್ರೊಸೆಸರ್ ಬದಲಿಸಿದರೆ ಚಿತ್ರ ಚೆನ್ನಾಗಿ ಕಾಣುತ್ತದಾ? ಇಲ್ಲ. ಆಟ ಅಂದರೆ ಕಾರ್ಡ್. ಅರ್ಧಕ್ಕಿಂತ ಜಾಸ್ತಿ ಹಣ ಯಾವಾಗಲೂ ಕಾರ್ಡಿಗೇ ಹೋಗಬೇಕು.

ಅಳಿಲುಸೇವೆ

ಇಬ್ಬರೂ ಸ್ವಲ್ಪ ತಡೆಯಿರಿ. ಕಾಯಿಲೆ ಏನು ಅಂತ ನೋಡದೆ ಮದ್ದಿಗೆ ಜಗಳ ಆಡುತ್ತಿದ್ದೀರಿ.

@ಇರುಳಾಟ, ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಖರ್ಚು ಏನೂ ಇಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಹಾಕಿ, ಅದರ ಜೊತೆಗೇ ಬರುವ ರಿವಾಟ್ಯೂನರ್ ಕೂಡ ಇರಲಿ. ಪರದೆಯ ಮೇಲೆ ನಾಲ್ಕು ಸಂಗತಿ ಕಾಣುವಂತೆ ಮಾಡಿ: ಕಾರ್ಡ್ ಎಷ್ಟು ಶೇಕಡಾ ದುಡಿಯುತ್ತಿದೆ, ಪ್ರೊಸೆಸರಿನ ಪ್ರತಿ ಕೋರ್ ಎಷ್ಟು, ರ್ಯಾಮ್ ಎಷ್ಟು, ಫ್ರೇಮ್‌ಟೈಮ್ (ಒಂದೊಂದು ಫ್ರೇಮಿಗೆ ಹಿಡಿಯುವ ಹೊತ್ತು) ಗೆರೆ. ಆ ಕೊನೆಯದು ತುಂಬಾ ಮುಖ್ಯ. ಸರಾಸರಿ ಎಫ್‌ಪಿಎಸ್ ನೋಡಿದರೆ ನಿಜ ಗೊತ್ತಾಗುವುದಿಲ್ಲ. ಗೆರೆ ಮಟ್ಟಸವಾಗಿದ್ದರೆ ಆಟ ಹಾಯಾಗಿರುತ್ತದೆ. ಗೆರೆ ಗರಗಸದ ಹಲ್ಲಿನ ಹಾಗಿದ್ದರೆ 60 ಎಫ್‌ಪಿಎಸ್ ಬಂದರೂ ಆಡಲು ಆಗುವುದಿಲ್ಲ.

ಆಮೇಲೆ ಅದೇ ರಸ್ತೆಯಲ್ಲಿ ಅದೇ ಕಾರು ಓಡಿಸಿ, ನಿಲ್ಲುವ ಹೊತ್ತಿಗೆ ಏನು ಕಾಣುತ್ತದೆ ನೋಡಿ. ಕಾರ್ಡ್ ಶೇಕಡಾ 95ರಿಂದ 99 ಇದ್ದರೆ ಕಾರ್ಡೇ ಸಾಲುತ್ತಿಲ್ಲ ಅಂತ. ಕಾರ್ಡ್ 60ರಲ್ಲಿ ಆರಾಮಾಗಿ ಕೂತಿದ್ದರೆ ಬೇರೆ ಯಾರೋ ಅದನ್ನು ಕಾಯಿಸುತ್ತಿದ್ದಾರೆ. ಇನ್ನೊಂದು ಪರೀಕ್ಷೆ: ರೆಸಲ್ಯೂಶನ್ 720ಪಿಗೆ ಇಳಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಕಾರ್ಡಿನ ತೊಂದರೆ. ಏರದೆ ಅಲ್ಲೇ ನಿಂತರೆ ಹೊಸ ಕಾರ್ಡ್ ತಂದರೂ ಅಲ್ಲೇ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕೂಡ ನೋಡಿ. ಮತ್ತೆ ಆ 8 ಜಿಬಿ ರ್ಯಾಮ್ ಒಂದೇ ಕಡ್ಡಿಯಾ, ಎರಡಾ?

ಮುಂಗುಸಿ

ಒಂದೇ ಕಡ್ಡಿ ಇರುತ್ತದೆ ನೋಡಿ. ಯಾವಾಗಲೂ ಒಂದೇ ಇರುತ್ತದೆ.

ಇರುಳಾಟ

@ಅಳಿಲುಸೇವೆ ಅವರಿಗೆ ತುಂಬಾ ಧನ್ಯವಾದ. ಕೂತು ಎಲ್ಲಾ ನೋಡಿದೆ.

ನಡೆದು ಹೋಗುವಾಗ ಕಾರ್ಡ್ ಶೇಕಡಾ 85ರ ಸುತ್ತ. ಕಾರು ಓಡಿಸುವಾಗ 60ಕ್ಕೆ ಬೀಳುತ್ತದೆ, ಕೆಲವೊಮ್ಮೆ 40. ಆಗ ನಾಲ್ಕು ಕೋರೂ 100. ರ್ಯಾಮ್ 7.6 ಜಿಬಿ ತುಂಬಿರುತ್ತದೆ. ಡಿಸ್ಕ್ 100ಕ್ಕೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ. 720ಪಿ ಮಾಡಿದರೆ ನಡೆಯುವಾಗ ಎಫ್‌ಪಿಎಸ್ ಸ್ವಲ್ಪ ಏರಿತು, ಕಾರಿನಲ್ಲಿ ಒಂದು ಚೂರೂ ಬದಲಾಗಲಿಲ್ಲ. ಫ್ರೇಮ್‌ಟೈಮ್ ಗೆರೆ ನೀವು ಹೇಳಿದ ಗರಗಸವೇ.

ಹೌದು, ರ್ಯಾಮ್ ಒಂದೇ ಕಡ್ಡಿ. ಇನ್ನೊಂದು ಸ್ಲಾಟ್ ಖಾಲಿ ಇದೆ. ಪವರ್ ಸಪ್ಲೈ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ.

ತಂತಿ_ತಿರುಪು

ಇದರಲ್ಲೇ ಉತ್ತರ ಇದೆ. ರ್ಯಾಮ್ ತುಂಬಿದೆ, ಹಾಗಾಗಿ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕಿನ ಪೇಜ್‌ಫೈಲಿಗೆ ತಳ್ಳುತ್ತಿದೆ. ಅದೇ ಡಿಸ್ಕಿನಿಂದ ಆಟವೂ ಕಟ್ಟಡಗಳನ್ನು ಓದಬೇಕು. ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದಾರೆ.

60 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ತಿರುಗುವ ಡಿಸ್ಕಿನಲ್ಲಿ ಹೆಡ್ ಒಂದು ಜಾಗದಿಂದ ಇನ್ನೊಂದಕ್ಕೆ ಸರಿದು, ಬೇಕಾದ ಜಾಗ ಅದರ ಕೆಳಗೆ ತಿರುಗಿ ಬರುವಷ್ಟರಲ್ಲಿ 10 ಮಿಲಿಸೆಕೆಂಡ್ ದಾಟಿರುತ್ತದೆ. ಅಂಥ ನೂರಾರು ಚಿಕ್ಕ ಚಿಕ್ಕ ಓದುಗಳು ಕಾರು ಓಡುವಾಗ ಬೇಕಾಗುತ್ತವೆ. ನಡೆದು ಹೋಗುವಾಗ ಡಿಸ್ಕಿಗೆ ಪುರುಸೊತ್ತು ಸಿಗುತ್ತದೆ, ಕಾರಿನಲ್ಲಿ ಸಿಗುವುದಿಲ್ಲ. ನಿಮ್ಮ ಕಟ್ಟಡಗಳು ತಡವಾಗಿ ಮೂಡುವುದಕ್ಕೆ ಇದೇ ಕಾರಣ, ಕಾರ್ಡ್ ಪಾಪ ಏನೂ ಮಾಡಿಲ್ಲ.

ಮೊದಲು ಒಂದು 8 ಜಿಬಿ ಡಿಡಿಆರ್3 ಕಡ್ಡಿ, ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್). ಕಡ್ಡಿ ಬೇರೆಯವರು ಬಳಸಿದ್ದೇ ಸಾಕು. ಎಸ್‌ಎಸ್‌ಡಿ ಮಾತ್ರ ಹೊಸದು ತಗೊಳ್ಳಿ, ಮುಂದಿನ ಕಂಪ್ಯೂಟರಿಗೂ ಬರುತ್ತದೆ.

ಮುಂಗುಸಿ

ನೋಡಿ, ಒಂದೇ ಕಡ್ಡಿ. ಎರಡು ಹಾಕಿದರೆ ಡ್ಯುಯಲ್ ಚಾನೆಲ್, ಅಂದರೆ ಎರಡು ದಾರಿ ಆಗುತ್ತದೆ. ಡಿಡಿಆರ್3-1600ರಲ್ಲಿ ಒಂದು ಚಾನೆಲಿಗೆ ಸೆಕೆಂಡಿಗೆ 12.8 ಜಿಬಿ, ಎರಡಕ್ಕೆ 25.6. ಪ್ರೊಸೆಸರಿಗೂ ಸ್ವಲ್ಪ ಉಸಿರು ಸಿಗುತ್ತದೆ.

ಬೋರ್ಡುಬಡಿಗ

ಎಚ್81ರಲ್ಲಿ ಎಸ್‌ಎಸ್‌ಡಿ ಹಾಕುವಾಗ ಒಂದು ಎಚ್ಚರಿಕೆ. ನಾಲ್ಕು ಸಾಟಾ ಕಿಂಡಿಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್, ಉಳಿದೆರಡು 3. ಬೇರೆ ಬಣ್ಣದಲ್ಲಿ ಇರುತ್ತವೆ, ಇಲ್ಲಾ ಬೋರ್ಡಿನ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ತಪ್ಪು ಕಿಂಡಿಗೆ ಹಾಕಿದರೆ ಅರ್ಧ ವೇಗವೇ ಸಿಗುವುದು.

ಹಳೇಚಿಪ್ಪು

ಎಸ್‌ಎಸ್‌ಡಿ, ರ್ಯಾಮ್ ಎರಡೂ ಸರಿ. ಆದರೆ ನಾಲ್ಕು ಕೋರೂ 100 ಅಂತ ಬರೆದಿದ್ದಾರೆ, ಅದಕ್ಕೆ ಏನು ಮಾಡುತ್ತೀರಿ? ನನ್ನ ಸಲಹೆ ಬಳಸಿದ ಜಿಯಾನ್ ಇ3-1231 ವಿ3. ಅದೇ ಸಾಕೆಟ್, ನಾಲ್ಕು ಕೋರ್, 8 ಥ್ರೆಡ್, 80 ವ್ಯಾಟ್. ಐ7-4770ಕ್ಕೂ ಇದಕ್ಕೂ ಹೆಚ್ಚು ಕಡಿಮೆ ವ್ಯತ್ಯಾಸವೇ ಇಲ್ಲ. ಒಳಗೆ ಗ್ರಾಫಿಕ್ಸ್ ಇಲ್ಲ ಅನ್ನುವುದೊಂದೇ ಕೊರತೆ, ನಿಮಗೆ ಹೇಗೂ ಕಾರ್ಡ್ ಇದೆ. ಐ7 ಅಂತ ಹೆಸರಿದ್ದರೆ ಬಳಸಿದ್ದಕ್ಕೂ ಜಾಸ್ತಿ ಕೇಳುತ್ತಾರೆ, ಜಿಯಾನ್ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಹೀಗೇ ಮಾಡಿ ನಾಲ್ಕು ವರ್ಷ ಸಂತೋಷವಾಗಿ ಆಡಿದ್ದೇನೆ.

ಬೋರ್ಡುಬಡಿಗ

ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಈಗ ಹೇಳಲಾರೆ. ಆ ಬೋರ್ಡಿಗೆ ಹಾಕಿದ ಹಣ ಮುಂದೆ ಎಲ್ಲಿಗೂ ಹೋಗುವುದಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿ ಇಂಟೆಲ್ 8ನೇ ಪೀಳಿಗೆಯಿಂದ ಶುರುವಾಗುತ್ತದೆ, ಟಿಪಿಎಂ 2.0 ಅನ್ನುವ ಸುರಕ್ಷತಾ ಸೌಲಭ್ಯ ಬೇರೆ ಬೇಕು. ಆನ್‌ಲೈನ್ ಆಟಗಳ ಆಂಟಿ-ಚೀಟ್ (ಮೋಸದಾಟ ತಡೆಯುವ ತಂತ್ರಾಂಶ) ಕೂಡ ಒಂದೊಂದಾಗಿ ಟಿಪಿಎಂ, ಸೆಕ್ಯೂರ್ ಬೂಟ್ ಕೇಳುತ್ತಿವೆ. ಇನ್ನೊಬ್ಬರು ಇಂಟೆಲ್ ಆರ್ಕ್ ಕಾರ್ಡ್ ಹಾಕಿ ಅನ್ನಬಹುದು, ಅದಕ್ಕೆ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಪೂರ್ತಿ ಒಟ್ಟಿಗೆ ಬಳಸುವ ಸೌಲಭ್ಯ) ಬೇಕು, ಈ ಬೋರ್ಡಿನಲ್ಲಿ ಆ ಆಯ್ಕೆಯೇ ಸಿಗುವುದಿಲ್ಲ.

ಎಎಂಡಿಯ ಎಎಂ4 ಸಾಕೆಟ್ಟಿಗೆ ಹೋಗಲಿ. ಬಳಸಿದ ಬಿ450 ಬೋರ್ಡ್, ರೈಜನ್ 5 5600, 16 ಜಿಬಿ ಡಿಡಿಆರ್4. ಕಾರ್ಡ್ ಸದ್ಯಕ್ಕೆ ಇದೇ ಇರಲಿ.

ಹಳೇಚಿಪ್ಪು

ಡಿಡಿಆರ್4 ಬೆಲೆ ಈಚೆಗೆ ನೋಡಿದ್ದೀರಾ? 2025ರ ಕೊನೆಯಿಂದ ಮೆಮೊರಿಯೆಲ್ಲ ಎಐ ಸರ್ವರ್‌ಗಳ ಕಡೆ ಹೋಗುತ್ತಿದೆ, ರ್ಯಾಮ್ ಬೆಲೆ ಮುಗಿಲು ಮುಟ್ಟಿದೆ. ಬಳಸಿದ ಕಡ್ಡಿಗೂ ಹೊಸದರಷ್ಟೇ ಕೇಳುತ್ತಾರೆ. ಇದ್ದ ಹಣದಲ್ಲಿ ಬೋರ್ಡು, ಪ್ರೊಸೆಸರ್, ರ್ಯಾಮ್ ಮೂರೂ ತಗೊಂಡು ಕೊನೆಗೆ ಅದೇ 4 ಜಿಬಿ ಕಾರ್ಡಿನಲ್ಲಿ ಆಡಬೇಕಾ? ಡಿಡಿಆರ್3 ಯಾರಿಗೂ ಬೇಡವಾಗಿದೆ. ಅದಕ್ಕೇ ಅಗ್ಗ. ಬಡವರಿಗೆ ಈ ಹೊತ್ತಿನಲ್ಲಿ ಹಳೇ ಬೋರ್ಡೇ ಆಸರೆ.

ಬೆಂಬಲ ಮುಗಿಯಿತು ಅಂದರೆ ಮರುದಿನ ಕಂಪ್ಯೂಟರ್ ನಿಂತು ಹೋಗುವುದಿಲ್ಲ. ಮನೆ ಬಳಕೆಗೆ ಇನ್ನೊಂದು ವರ್ಷದ ಸುರಕ್ಷತಾ ಅಪ್‌ಡೇಟ್ ಯೋಜನೆಯೂ ಇದೆ, 2026ರ ಅಕ್ಟೋಬರ್ ತನಕ.

ಗಾಳಿಪಟ64

ಬೆಲೆ ವಿಷಯದಲ್ಲಿ ಹಳೇಚಿಪ್ಪು ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಡಿಸ್ಕ್ 100 ಅಂತ ನೋಡಿದ ಮೇಲೆ ಕಾರ್ಡ್ ಮೊದಲು ಅಂತ ಹೇಳಲು ಮನಸ್ಸು ಒಪ್ಪುತ್ತಿಲ್ಲ.

ಕತ್ತಲಕೋಟೆ

ಎಕ್ಸ್99 ಬೋರ್ಡ್ ಜೊತೆ ಜಿಯಾನ್ ಇ5-2680 ವಿ4 ಯಾಕೆ ನೋಡಬಾರದು? 14 ಕೋರ್! ಬೆಲೆಯೂ ಕಡಿಮೆ.

ತಂತಿ_ತಿರುಪು

14 ಕೋರ್ ಇದ್ದರೆ ಏನು, ಒಂದೊಂದು ಕೋರೂ ನಿಧಾನ. ಆಟಗಳಿಗೆ ಬೇಕಾದ್ದು ಕೆಲವೇ ಕೋರ್, ಆದರೆ ಚುರುಕಾದವು. ವಿಡಿಯೋ ರೆಂಡರ್ ಮಾಡುವವರಿಗೆ ಅದು ಒಳ್ಳೆಯದು. ಆಟಕ್ಕೆ 6 ಕೋರಿನ 5600 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಅದರ ಮೇಲೆ ಹೆಸರೇ ಕೇಳದ ಬೋರ್ಡ್‌ಗಳು, ಬಯಾಸ್ (ಬೋರ್ಡಿನ ಒಳ ತಂತ್ರಾಂಶ) ಅಪ್‌ಡೇಟ್ ಎಲ್ಲಿ ಸಿಗುತ್ತದೆ ಅಂತ ದೇವರಿಗೇ ಗೊತ್ತು.

ಸದ್ದಿಲ್ಲದಫ್ಯಾನ್

ನೀವೆಲ್ಲ ಪ್ರೊಸೆಸರ್ ಜಗಳದಲ್ಲಿ ಪವರ್ ಸಪ್ಲೈ ಮರೆತುಬಿಟ್ಟಿರಿ. ಮಿಣುಕುಹುಳ ಮೊದಲೇ ಕೇಳಿದ್ದರು.

@ಇರುಳಾಟ, "450" ಅನ್ನುವ ದೊಡ್ಡ ಅಂಕಿ ನೋಡಬೇಡಿ. ಪಕ್ಕದಲ್ಲಿ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತ ನೋಡಿ, 12ರಿಂದ ಗುಣಿಸಿ. ನಿಜವಾಗಿ ಪ್ರೊಸೆಸರಿಗೂ ಕಾರ್ಡಿಗೂ ಸಿಗುವುದು ಅಷ್ಟೇ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಹೀಗೇ ಹೆಸರಿಲ್ಲದ ಒಂದು ಪವರ್ ಸಪ್ಲೈ ಡಬ್ಬಕ್ಕೆ ಆರ್‌ಎಕ್ಸ್ 580 ಹಾಕಿದ್ದೆ. ಅದು 185 ವ್ಯಾಟ್ ಎಳೆಯುವ ಕಾರ್ಡ್. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಆಟ ಜೋರಾದಾಗ ಕಂಪ್ಯೂಟರ್ ತಾನಾಗಿ ಮತ್ತೆ ಶುರುವಾಗುವುದು. ವಿಂಡೋಸ್ ದೋಷ ಅಂದುಕೊಂಡು ಮೂರು ಸಲ ಹೊಸದಾಗಿ ಹಾಕಿದೆ. ಒಂದು ರಾತ್ರಿ ಟಪ್ ಅಂತ ಸದ್ದು, ಸುಟ್ಟ ವಾಸನೆ. ಪವರ್ ಸಪ್ಲೈ ಜೊತೆಗೆ ಬೋರ್ಡೂ ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ಡಿಸ್ಕಿನಲ್ಲಿ ಮಗಳ ಮೊದಲ ಹೆಜ್ಜೆಯ ವಿಡಿಯೋ ಇತ್ತು. ಅದು ಮತ್ತೆ ಸಿಗಲಿಲ್ಲ.

ಇರುಳಾಟ

ಓದಿ ತುಂಬಾ ಬೇಜಾರಾಯಿತು ಸರ್. ಈಗಲೇ ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿದೆ. +12 ವೋಲ್ಟ್ 20 ಆಂಪಿಯರ್ ಅಂತ ಇದೆ. ಅಂದರೆ 240 ವ್ಯಾಟ್ ಅಷ್ಟೇನಾ?

ಸದ್ದಿಲ್ಲದಫ್ಯಾನ್

ಅಷ್ಟೇ. ಐ5-4590 84 ವ್ಯಾಟ್, 1050 ಟಿಐ 75. ಸೇರಿದರೆ 159. ಸದ್ಯಕ್ಕೆ ನಡೆಯುತ್ತದೆ. 6600 ಹಾಕಿದರೆ 84ಕ್ಕೆ 132 ಸೇರಿ 216, ಡಿಸ್ಕು, ಫ್ಯಾನು, ಬೋರ್ಡು ಬೇರೆ. ಹತ್ತು ವರ್ಷ ಹಳೇ ಡಬ್ಬ ಪೂರ್ತಿ 240 ಕೊಡುತ್ತದೆ ಅಂತ ನಾನಂತೂ ನಂಬಲಾರೆ. ಕಾರ್ಡ್ ಬದಲಿಸುವ ದಿನ ಪವರ್ ಸಪ್ಲೈ ಬದಲಿಸಲೇಬೇಕು, ಅದರ ಹಣ ಈಗಲೇ ಬೇರೆ ಇಡಿ. ಒಳ್ಳೆಯ 550 ವ್ಯಾಟ್ ಸಾಕು, ಇದನ್ನು ಮಾತ್ರ ಬಳಸಿದ್ದು ತಗೊಳ್ಳಬೇಡಿ.

ಮಿಣುಕುಹುಳ

80 ಪ್ಲಸ್ ಚಿನ್ನ, ಕಂಚು ಅಂತ ಇದ್ದರೆ ಗುಣಮಟ್ಟ ಚೆನ್ನಾಗಿದೆ ಅಂತಲಾ?

ಸದ್ದಿಲ್ಲದಫ್ಯಾನ್

ಅಲ್ಲ. ಅದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪೋಲಾಗದೆ ಒಳಗೆ ಸಿಗುತ್ತದೆ ಅನ್ನುವ ಲೆಕ್ಕ ಮಾತ್ರ. ರಕ್ಷಣೆ ಹೇಗಿದೆ, ಕೆಪಾಸಿಟರ್ ಎಂಥದ್ದು ಅಂತ ಅದು ಹೇಳುವುದಿಲ್ಲ. ಬಿಚ್ಚಿ ಪರೀಕ್ಷೆ ಮಾಡಿದವರ ವಿಮರ್ಶೆ ಓದಿ.

ಅಳಿಲುಸೇವೆ

ಹಣ ಖರ್ಚಾಗದ ಕೆಲಸಗಳನ್ನೂ ಮಾಡಿಬಿಡಿ. ಆಟದ ಸೆಟ್ಟಿಂಗ್‌ನಲ್ಲಿ ಜನಸಂದಣಿ, ವಾಹನಗಳ ಸಂಖ್ಯೆ, ನೋಟದ ದೂರ ಕಡಿಮೆ ಮಾಡಿ. ಇವು ಪ್ರೊಸೆಸರನ್ನು ತಿನ್ನುವಂಥವು. ಎಲ್ಲರೂ ಟೆಕ್ಸ್ಚರ್ ಇಳಿಸಲು ಓಡುತ್ತಾರೆ, ಅದು ಪ್ರೊಸೆಸರಿಗೆ ಹೊರೆಯೇ ಅಲ್ಲ, ಕಾರ್ಡಿನ 4 ಜಿಬಿ ತುಂಬದಷ್ಟು ಇದ್ದರೆ ಸಾಕು. ಡಬ್ಬ ಬಿಚ್ಚಿದ್ದೀರಲ್ಲ, ಧೂಳು ತೆಗೆದು ಪ್ರೊಸೆಸರಿನ ಥರ್ಮಲ್ ಪೇಸ್ಟ್ ಬದಲಿಸಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಗಿರ್ರನೆ ತಿರುಗಲು ಬಿಡಬೇಡಿ.

ಎಫ್‌ಪಿಎಸ್ ಮಿತಿ 40ಕ್ಕೆ ಕಟ್ಟಿ. ಏರಿ ಇಳಿಯುವ 55ಕ್ಕಿಂತ ಗಟ್ಟಿಯಾಗಿ ನಿಂತ 40 ಕಣ್ಣಿಗೆ ಹಿತ.

ಕತ್ತಲಕೋಟೆ

ಇದು ತಪ್ಪು. 60 ಹರ್ಟ್ಸ್ ಮಾನಿಟರಿಗೆ 40 ಸಮನಾಗಿ ಹೊಂದುವುದಿಲ್ಲ. ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ ಕಾಣುತ್ತದೆ. ಕುಂಟಿದ ಹಾಗೆ ಅನ್ನಿಸುತ್ತದೆ. 30 ಕಟ್ಟಬೇಕು, ಇಲ್ಲಾ ಮಾನಿಟರ್ ಒಪ್ಪಿದರೆ ಅದನ್ನು 50 ಹರ್ಟ್ಸಿಗೆ ಇಟ್ಟು ಮಿತಿಯನ್ನೂ 50 ಮಾಡಬೇಕು.

ಅಳಿಲುಸೇವೆ

ಒಪ್ಪಿದೆ, ನನ್ನದು ವೇರಿಯಬಲ್ ರಿಫ್ರೆಶ್ (ಆಟದ ಫ್ರೇಮ್ ವೇಗಕ್ಕೆ ತಾನೇ ಹೊಂದಿಕೊಳ್ಳುವ ಗುಣ) ಇರುವ ಮಾನಿಟರ್, ಹಾಗಾಗಿ 40 ಚೆನ್ನಾಗಿ ಕಾಣುತ್ತಿತ್ತು. ಇವರಿಗೆ ನೀವು ಹೇಳಿದ್ದೇ ಸರಿ.

ಕೆಂಪುಗುಂಡಿ

ಬಳಸಿದ್ದು ತಗೊಳ್ಳುವ ಮಾತು ಬಂದಿದ್ದರಿಂದ ನನ್ನ ಅನುಭವ ಹೇಳುತ್ತೇನೆ. ಬೇರೆ ಯಾರೂ ಹೀಗೆ ಮೋಸ ಹೋಗಬಾರದು.

ನಾನು 1050 ಟಿಐ ಅಂತ ಒಂದು ಕಾರ್ಡ್ ತಂದೆ. ಡಬ್ಬ ಇತ್ತು, ಸ್ಟಿಕ್ಕರ್ ಇತ್ತು, ವಿಂಡೋಸ್ ಕೂಡ 1050 ಟಿಐ ಅಂತಲೇ ತೋರಿಸಿತು. ಆಟ ಹಾಕಿದರೆ 12 ಎಫ್‌ಪಿಎಸ್. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಹಾಕಿ ನೋಡಿದರೆ ಹೆಸರಿನ ಮುಂದೆ ನಕಲಿ ಅಂತ ಸೂಚನೆ ಬಂತು. ಒಳಗಿದ್ದದ್ದು ಜಿಟಿಎಸ್ 450, 2010ರ ಚಿಪ್. ಬಯಾಸ್ ತಿದ್ದಿ ಹೊಸ ಹೆಸರು ಬರೆದಿದ್ದರು. ಕೊಟ್ಟವರು ಆಮೇಲೆ ಕರೆ ಎತ್ತಲಿಲ್ಲ.

ಆದ್ದರಿಂದ ಕಾರ್ಡ್ ಓಡುತ್ತಿರುವುದನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ. ಜಿಪಿಯು-ಝಡ್ ತೆರೆಸಿ. ಕಾರ್ಡಿಗೆ ಪೂರ್ತಿ ಹೊರೆ ಕೊಡುವ ಫರ್‌ಮಾರ್ಕ್ ಹದಿನೈದು ನಿಮಿಷ ಓಡಿಸಿ, ಪರದೆಯಲ್ಲಿ ಚುಕ್ಕಿ, ಗೆರೆ ಬರುತ್ತದಾ ನೋಡಿ. ಫ್ಯಾನ್ ಎಲ್ಲಾ ತಿರುಗುತ್ತವೆಯಾ, ಕರಕರ ಸದ್ದು ಇದೆಯಾ ಕೇಳಿಸಿಕೊಳ್ಳಿ. ಹೆಸರನ್ನೂ ಪೂರ್ತಿ ಓದಿ. ಆರ್‌ಎಕ್ಸ್ 580 ಅಂತ ಎರಡು ಇವೆ, 2048ಎಸ್‌ಪಿ ಅಂತ ಇರುವುದು ಕಡಿಮೆ ಶಕ್ತಿಯದ್ದು. 1060 ಕೂಡ ಹಾಗೇ. 3 ಜಿಬಿಯದ್ದರಲ್ಲಿ 1152 ಕೋರ್, 6 ಜಿಬಿಯದ್ದರಲ್ಲಿ 1280. ಮೆಮೊರಿ ಮಾತ್ರ ಕಡಿಮೆ ಅಂದುಕೊಳ್ಳುತ್ತಾರೆ ಜನ.

ಗಾಳಿಪಟ64

ಕ್ರಿಪ್ಟೋ ಮೈನಿಂಗ್‌ಗೆ ದುಡಿದ ಕಾರ್ಡ್ ಅಂದರೆ ಮಾತ್ರ ದೂರ ಇರಿ.

ಕೆಂಪುಗುಂಡಿ

ಅದನ್ನು ಒಪ್ಪುವುದಿಲ್ಲ. ಮೈನಿಂಗ್‌ನಲ್ಲಿ ಚಿಪ್ ಒಂದೇ ಬಿಸಿಯಲ್ಲಿ ದುಡಿಯುತ್ತದೆ, ಅದಕ್ಕೆ ಅಷ್ಟೇನೂ ಆಗುವುದಿಲ್ಲ. ಸವೆಯುವುದು ಫ್ಯಾನು ಮತ್ತು ಥರ್ಮಲ್ ಪ್ಯಾಡ್. ಅವೆರಡನ್ನೂ ಬದಲಿಸಬಹುದು. ಸದ್ಯ ನನ್ನ ಕಂಪ್ಯೂಟರಿನಲ್ಲಿ ಇರುವುದೇ ಅಂಥ ಕಾರ್ಡ್, ಮೂರನೇ ವರ್ಷ ನಡೆಯುತ್ತಿದೆ.

ಗಾಳಿಪಟ64

ಮೆಮೊರಿ ಬಿಸಿಯಾಗಿ ಸತ್ತ ಕಾರ್ಡ್‌ಗಳನ್ನು ನಾನು ಕಂಡಿದ್ದೇನೆ. ನಿಮ್ಮ ಅದೃಷ್ಟ ಚೆನ್ನಾಗಿತ್ತು. ವಾರಂಟಿ ಇಲ್ಲದ ವಸ್ತುವಿಗೆ ಉಳಿತಾಯ ಪೂರ್ತಿ ಹಾಕುವವರಿಗೆ ಈ ಸಲಹೆ ಕೊಡಲು ನನಗೆ ಧೈರ್ಯ ಇಲ್ಲ.

ಮುಂಗುಸಿ

ಅಂದ ಹಾಗೆ ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಿದ್ದೀರಾ ಅಂತ ಒಮ್ಮೆ ನೋಡಿ. ಬೋರ್ಡಿಗೆ ಚುಚ್ಚಿ ಎರಡು ವರ್ಷ ಆಡಿದವರನ್ನು ನಾನು ಬಲ್ಲೆ.

ಇರುಳಾಟ

ಕಾರ್ಡಿಗೇ ಇದೆ, ಈಗ ಇನ್ನೊಮ್ಮೆ ನೋಡಿ ಬಂದೆ.

ತಮ್ಮನ ಜೊತೆ ಕೂತು ಎಲ್ಲರ ಮಾತೂ ಓದಿದೆ. ಸದ್ಯಕ್ಕೆ ಬಳಸಿದ ಒಂದು 8 ಜಿಬಿ ಡಿಡಿಆರ್3 ಕಡ್ಡಿ, ಒಂದು ಹೊಸ 500 ಜಿಬಿ ಸಾಟಾ ಎಸ್‌ಎಸ್‌ಡಿ ತಗೊಳ್ಳುತ್ತಿದ್ದೇವೆ. ಉಳಿದ ಹಣ ಮುಟ್ಟುವುದಿಲ್ಲ. ಬಂದ ಮೇಲೆ ಅದೇ ರಸ್ತೆಯಲ್ಲಿ ಕಾರು ಓಡಿಸಿ ಹೇಳುತ್ತೇನೆ.

ಹಳೇಚಿಪ್ಪು

ಒಳ್ಳೆಯ ನಿರ್ಧಾರ. ಕಡ್ಡಿ 1.5 ವೋಲ್ಟಾ, 1.35 ವೋಲ್ಟಿನ ಡಿಡಿಆರ್3ಎಲ್ಲಾ ನೋಡಿ. ನಿಮ್ಮ ಪ್ರೊಸೆಸರ್ ಎರಡನ್ನೂ ಒಪ್ಪುತ್ತದೆ, ಆದರೂ ಎರಡು ಕಡ್ಡಿಯೂ ಒಂದೇ ಥರದ್ದಾದರೆ ತಲೆನೋವಿಲ್ಲ. ಹಾಕಿದ ಮೇಲೆ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಲಿ.

ಇರುಳಾಟ

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆ ಇತ್ತು.

ರ್ಯಾಮ್ 16 ಜಿಬಿ ಆಯಿತು, ಆಟ ಅದರಲ್ಲಿ 10.4 ಜಿಬಿ ತಗೊಳ್ಳುತ್ತಿದೆ. ಅಂದರೆ ಮೊದಲು 3 ಜಿಬಿಯಷ್ಟು ಡಿಸ್ಕಿನಲ್ಲೇ ಒದ್ದಾಡುತ್ತಿತ್ತು ಅಂತಾಯಿತು. ಎಸ್‌ಎಸ್‌ಡಿ 6 ಗಿಗಾಬಿಟ್ ಕಿಂಡಿಗೇ ಹಾಕಿದೆ, ನಮ್ಮ ಬೋರ್ಡಿನಲ್ಲಿ ಅವು ಬಿಳಿ ಬಣ್ಣ. ಆಟ ತೆರೆಯಲು ಮೊದಲು ಮೂರು ನಿಮಿಷ ಬೇಕಿತ್ತು, ಈಗ 40 ಸೆಕೆಂಡ್.

ಕಾರಿನ ವಿಷಯ. ಸರಾಸರಿ ಎಫ್‌ಪಿಎಸ್ 45 ಇದ್ದದ್ದು 49 ಆಗಿದೆ, ಅಷ್ಟೇ. ಆದರೆ ಅತಿ ಕೆಳಗಿನ ಒಂದು ಶೇಕಡಾ ಫ್ರೇಮ್‌ಗಳ ಲೆಕ್ಕ 11 ಇದ್ದದ್ದು 31ಕ್ಕೆ ಬಂತು! ಕಟ್ಟಡಗಳು ಸರಿಯಾದ ಹೊತ್ತಿಗೆ ಬರುತ್ತಿವೆ. ತಮ್ಮ ಪೂರ್ತಿ ಊರು ಸುತ್ತಿ ಒಂದೂ ಗುದ್ದದೆ ವಾಪಸ್ ಬಂದ. ನಾವಿಬ್ಬರೂ ಎದ್ದು ನಿಂತು ಕೂಗಿದೆವು, ಅಮ್ಮ ಬಂದು ಬೈದರು.

ಪ್ರೊಸೆಸರ್ ಇನ್ನೂ 100ರಲ್ಲೇ ಇರುತ್ತದೆ. ಅದಕ್ಕೆ ಉಳಿದ ಹಣ ಹಾಗೇ ಇಟ್ಟಿದ್ದೇವೆ. ಮೂರು ನಾಲ್ಕು ತಿಂಗಳಲ್ಲಿ ಎಎಂ4ಗೆ ಹೋಗುವ ಆಸೆ. ಒಬ್ಬರು ಬಿ450 ಬೋರ್ಡ್ 16 ಜಿಬಿ ರ್ಯಾಮ್ ಸಮೇತ ಮಾರುತ್ತಿದ್ದಾರೆ. ಪ್ರೊಸೆಸರ್ ಮಾತ್ರ ಬೇರೆ ಹುಡುಕಬೇಕು. 5500 ಸಾಕಾ, 5600 ಬೇಕಾ? ಎರಡೂ 6 ಕೋರ್, 12 ಥ್ರೆಡ್ ಅಲ್ವಾ?

ತಂತಿ_ತಿರುಪು

11ರಿಂದ 31! ಇದನ್ನು ಓದಿ ನನ್ನ ದಿನವೇ ಚೆನ್ನಾಗಾಯಿತು.

ಕೋರ್ ಒಂದೇ, ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ) ಬೇರೆ. 5600ರಲ್ಲಿ ಎಲ್3 ಕ್ಯಾಶ್ 32 ಎಂಬಿ, 5500ರಲ್ಲಿ 16. ಆಟಗಳಿಗೆ ಕ್ಯಾಶ್ ತುಂಬಾ ಮುಖ್ಯ. ನಿಮಗೆ ಕಾಡುತ್ತಿರುವುದೇ ಕೆಳಗಿನ ಎಫ್‌ಪಿಎಸ್, ಹಾಗಾಗಿ ಬೆಲೆ ವ್ಯತ್ಯಾಸ ಸಣ್ಣದಿದ್ದರೆ ಕಣ್ಣು ಮುಚ್ಚಿ 5600.

ಬೋರ್ಡುಬಡಿಗ

ಬಿ450ಯ ಬಯಾಸ್ ಆವೃತ್ತಿ ಕೇಳಿ ತಿಳಿದುಕೊಳ್ಳಿ. ಹಳೇ ಬಯಾಸ್ ಇದ್ದರೆ 5000 ಸರಣಿಯ ಪ್ರೊಸೆಸರ್ ಹಾಕಿದಾಗ ಪರದೆ ಕಪ್ಪಗೇ ಉಳಿಯುತ್ತದೆ, ಬೋರ್ಡ್ ಹಾಳಾಗಿದೆ ಅಂತ ಗಾಬರಿಯಾಗುತ್ತೀರಿ. ಅವರ ಬಳಿ ಹಳೇ ಪ್ರೊಸೆಸರ್ ಇನ್ನೂ ಇದ್ದರೆ ಅದು ಕೂತಿರುವಾಗಲೇ ಅಪ್‌ಡೇಟ್ ಮಾಡಿ ಕೊಡಲು ಹೇಳಿ. ಹಾಕಿದ ಮೇಲೆ ಬಯಾಸ್‌ನಲ್ಲಿ ರ್ಯಾಮಿಗೆ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ.

ಮಿಣುಕುಹುಳ

ಎಎಂ4ರಲ್ಲಿ ಹಳೇ ಪ್ರೊಸೆಸರ್ ತೆಗೆಯುವಾಗ ಹುಷಾರು. ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎತ್ತಿದಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಜೊತೆಗೇ ಬರುತ್ತದೆ. ನನಗೆ ಹೀಗಾಗಿ ಏಳು ಪಿನ್ ಬಾಗಿದವು, ಸಣ್ಣ ಬ್ಲೇಡ್ ಹಿಡಿದು ಒಂದೊಂದೇ ನೆಟ್ಟಗೆ ಮಾಡಲು ಎರಡು ಗಂಟೆ ಹಿಡಿಯಿತು. ಕಂಪ್ಯೂಟರ್ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ, ಆಮೇಲೆ ಎತ್ತಿ.

ಇರುಳಾಟ

ಬಯಾಸ್ ಪರದೆಯ ಫೋಟೋ ಕಳಿಸಿ ಅಂತ ಮಾರುವವರಿಗೆ ಈಗಲೇ ಸಂದೇಶ ಹಾಕಿದೆ. ನಾಳೆ ಕೊಡುತ್ತಾರಂತೆ. ಬಂದ ತಕ್ಷಣ ಇಲ್ಲೇ ಹಾಕುತ್ತೇನೆ, ಆವೃತ್ತಿ ಸರಿಯಾ ನೋಡಿ ಹೇಳಿ.

ಬೋರ್ಡುಬಡಿಗ

ಹಾಕಿ, ನೋಡುತ್ತೇನೆ. 5600 ಬಳಸಿದ್ದು ತಗೊಂಡರೆ ಅದರ ಕೆಳಭಾಗದ ಪಿನ್‌ಗಳ ಫೋಟೋ ಕೂಡ ಕೇಳಿ, ನಾಲ್ಕೂ ಮೂಲೆ ಸ್ಪಷ್ಟವಾಗಿ ಕಾಣಬೇಕು.